ಮಚ್ಚೆ ಬದಲಾಗುತ್ತಿದ್ದರೆ ಮೇ ರಜೆಯವರೆಗೆ ಕಾಯಬೇಡಿ

ಊರು ಬಿಟ್ಟು ಬಂದ ಕನ್ನಡಿಗರ ನಮ್ಮ ಈ ಗುಂಪಿನಲ್ಲಿ ಪುಣೆಯ ಹಡಪ್ಸರದ ಅಕ್ಕ ಮೊನ್ನೆ ಕೇಳಿದ್ದರು. ಮಗಳ ಬೆನ್ನ ಮೇಲಿನ ಮಚ್ಚೆ ಸ್ವಲ್ಪ ದೊಡ್ಡದಾದ ಹಾಗೆ ಕಾಣುತ್ತಿದೆ, ಮೇ ರಜೆಯಲ್ಲಿ ಹುಬ್ಬಳ್ಳಿಗೆ ಹೋದಾಗ ನಮ್ಮ ಹಳೇ ಡಾಕ್ಟರಿಗೆ ತೋರಿಸಿದರೆ ಸಾಕಲ್ವಾ ಅಂತ. ಬಂದ ಉತ್ತರಗಳನ್ನೆಲ್ಲ ಓದಿದೆ. ಅರ್ಧ ಜನ "ಏನೂ ಆಗಲ್ಲ ಬಿಡಿ" ಅಂದಿದ್ದಾರೆ, ಉಳಿದರ್ಧ ಕ್ಯಾನ್ಸರ್ ಅಂತ ಹೆದರಿಸಿದ್ದಾರೆ. ಬೆನ್ನ ಮೇಲೆ ಮಚ್ಚೆ ಇದ್ದರೆ ಕೈಯಲ್ಲಿ ದುಡ್ಡು ಓಡಾಡುತ್ತೆ ಅಂತಲೂ ಒಬ್ಬರು ಬರೆದಿದ್ದಾರೆ, ಅದು ನಿಜವಾಗಲಿ.

ನಾನು ಡಾಕ್ಟರ್ ಅಲ್ಲ. ಪುಣೆಯ ಒಂದು ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಡಾಕ್ಟರುಗಳು ತೆಗೆದು ಕಳಿಸುವ ಚರ್ಮದ ತುಂಡುಗಳು ಫಾರ್ಮಾಲಿನ್, ಅಂದರೆ ಕೊಳೆಯದಂತೆ ಕಾಪಾಡುವ ದ್ರವದ ಡಬ್ಬಿಯಲ್ಲಿ ಮೊದಲು ಬರೋದು ನಮ್ಮ ಮೇಜಿಗೆ. ಅಲ್ಲಿ ಕೂತು ಕಂಡಿದ್ದು, ಕೇಳಿದ್ದು, ಕಲಿತಿದ್ದು ಬರೆಯುತ್ತೇನೆ. ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಅಕ್ಕ, ಮೊದಲು ನಿಮ್ಮ ಪ್ರಶ್ನೆಗೆ. ಮಗು ಬೆಳೆದ ಹಾಗೆ ಮಚ್ಚೆಯೂ ಬೆಳೆಯುತ್ತದೆ. ಹೊಸ ಮಚ್ಚೆ ಮೂಡೋದು ಚಿಕ್ಕ ವಯಸ್ಸಿನಲ್ಲಿ ಶುರುವಾಗಿ ಮೂವತ್ತು ದಾಟುವವರೆಗೂ ನಡೆಯುತ್ತದೆ, ಮಕ್ಕಳು ದೊಡ್ಡವರಾಗುವ ಸಮಯದಲ್ಲಿ, ಬಸುರಿಯಲ್ಲಿ, ಇದ್ದ ಮಚ್ಚೆ ಇನ್ನಷ್ಟು ಕಪ್ಪಾಗೋದೂ ಉಂಟು. ಮೆಲನೋಮಾ, ಅಂದರೆ ಎಲ್ಲರೂ ಹೆದರುವ ಆ ಮಚ್ಚೆಯ ಕ್ಯಾನ್ಸರ್, ಚಿಕ್ಕ ಮಕ್ಕಳಲ್ಲಿ ತೀರಾ ಅಪರೂಪ. ಹಾಗಾಗಿ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ. ಆದರೆ ಬದಲಾಗಿದೆ ಅಂತ ನಿಮಗೇ ಅನ್ನಿಸಿದ್ದರೆ ಒಂದು ಸಲ ತೋರಿಸಿ. ಇಲ್ಲೇ ತೋರಿಸಿ, ಈ ತಿಂಗಳೇ ತೋರಿಸಿ.

ಇಲ್ಲೇ ಅಂತ ಒತ್ತಿ ಹೇಳೋದಕ್ಕೆ ಕಾರಣ ಇದೆ. ಊರು ಬಿಟ್ಟು ಬಂದ ನಮಗೆಲ್ಲ ಒಂದು ಅಭ್ಯಾಸ. ಹಲ್ಲು, ಕನ್ನಡಕ, ಮಗುವಿನ ತೂಕ, ಅಮ್ಮನ ಮಂಡಿ, ಎಲ್ಲವನ್ನೂ ಊರಿನ ಡಾಕ್ಟರಿಗೆ ಅಂತ ಗಂಟು ಕಟ್ಟಿ ಇಟ್ಟುಕೊಳ್ಳುತ್ತೇವೆ. ಅವರು ನಮ್ಮ ಭಾಷೆ ಮಾತಾಡುತ್ತಾರೆ, ಅಜ್ಜನ ಕಾಲದಿಂದ ಗೊತ್ತು, ಫೀಸು ಕಡಿಮೆ. ಕೆಲವಕ್ಕೆ ಅದು ಸರಿಯೇ. ಮಚ್ಚೆಗೆ ಸರಿಹೋಗಲ್ಲ. ಚರ್ಮದ ಡಾಕ್ಟರು ಬಹಳ ಸಲ ಅದೇ ದಿನ ಏನೂ ಮಾಡೋದಿಲ್ಲ. ನೋಡುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ, 3 ತಿಂಗಳು ಬಿಟ್ಟು ಬನ್ನಿ ಅನ್ನುತ್ತಾರೆ. ಆ ಎರಡನೇ ನೋಟದಲ್ಲೇ ಅರ್ಧ ಉತ್ತರ ಇರೋದು. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಆಗಸ್ಟಿನಲ್ಲಿ ಮತ್ತೆ ಹುಬ್ಬಳ್ಳಿಗೆ ಯಾರು ಹೋಗುತ್ತೀರಿ ಹೇಳಿ?

ಏನು ನೋಡಬೇಕು ಅಂತ ಕೆಲವರು ಕೇಳಿದ್ದಾರೆ. ಮಚ್ಚೆಯ ನಡುವೆ ಒಂದು ಗೆರೆ ಎಳೆದ ಹಾಗೆ ಯೋಚಿಸಿ, ಎರಡು ಬದಿಯೂ ಒಂದೇ ಥರ ಇದೆಯಾ? ಅಂಚು ಸರಿಯಾಗಿದೆಯಾ, ಇಲ್ಲ ಹರಿದ ಕಾಗದದ ಹಾಗೆ ಅಂಕುಡೊಂಕಾ? ಬಣ್ಣ ಒಂದೇ ಇದೆಯಾ, ಅಥವಾ ಒಂದರಲ್ಲೇ ಕಂದು, ಕಪ್ಪು, ಕೆಂಪು, ಬಿಳಿ ಎಲ್ಲ ಬೆರೆತಿದೆಯಾ? ಅಗಲ 6 ಮಿಲಿಮೀಟರಿಗಿಂತ ಜಾಸ್ತಿಯಾ, ಅಂದರೆ ಸುಮಾರು ಪೆನ್ಸಿಲಿನ ಹಿಂಬದಿಯಷ್ಟು? ಈ ನಾಲ್ಕನ್ನು ನ್ಯೂಯಾರ್ಕಿನ ಡಾಕ್ಟರುಗಳು 1985ರಲ್ಲಿ ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಹಿಡಿದು ಎ-ಬಿ-ಸಿ-ಡಿ ಅಂತ ಜೋಡಿಸಿಕೊಟ್ಟರು. 2004ರಲ್ಲಿ ಐದನೆಯದಾಗಿ 'ಇ' ಸೇರಿತು, ಅಂದರೆ ಕಾಲ ಕಳೆದ ಹಾಗೆ ಬದಲಾಗುವುದು. ನನ್ನ ಪ್ರಕಾರ ಆ ಐದನೆಯದೇ ಮುಖ್ಯ. ಹುಟ್ಟಿದಾಗಿನಿಂದ ಹಾಗೇ ಇರುವ ದೊಡ್ಡ ಮಚ್ಚೆಗಿಂತ, ಆರು ತಿಂಗಳಿಂದ ಬಣ್ಣ ಬದಲಿಸುತ್ತಿರುವ ಚಿಕ್ಕ ಮಚ್ಚೆಗೆ ಮೊದಲು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಸುಮ್ನೆ ರಕ್ತ ಬರೋದು, ತುರಿಕೆ, ಒಣಗದ ಹುಣ್ಣು ಇದ್ದರೂ ಅಷ್ಟೇ. ಮೈಮೇಲೆ ಇಪ್ಪತ್ತು ಮಚ್ಚೆ ಇದ್ದು ಹತ್ತೊಂಬತ್ತು ಒಂದೇ ಜಾತಿ, ಒಂದು ಮಾತ್ರ ಬೇರೆ ಥರ ಕಂಡರೆ ಆ ಒಂದನ್ನು ತೋರಿಸಿ.

ಮಕ್ಕಳಲ್ಲಿ ಈ ಲೆಕ್ಕ ಪೂರ್ತಿ ಹೊಂದಲ್ಲ. ಕಪ್ಪು ಬಣ್ಣವೇ ಇಲ್ಲದೆ, ಗುಲಾಬಿ ಗುಳ್ಳೆಯ ಹಾಗೆ ಎದ್ದು ಬೇಗ ಬೆಳೆಯುವುದು, ಪದೇ ಪದೇ ರಕ್ತ ಬರುವುದು, ಇಂಥದ್ದನ್ನೂ ತೋರಿಸಬೇಕು. ಬಹುತೇಕ ಏನೂ ಇರಲ್ಲ, ಆದರೂ. ನೂರು ಮಕ್ಕಳಲ್ಲಿ ಸುಮಾರು ಒಂದು ಮಗು ಹುಟ್ಟುವಾಗಲೇ ಮಚ್ಚೆ ಹೊತ್ತು ಬರುತ್ತದೆ. ಚಿಕ್ಕದಾದರೆ ಚಿಂತೆ ಬೇಡ. ಮಗು ದೊಡ್ಡದಾದಾಗ 20 ಸೆಂಟಿಮೀಟರ್ ಮೀರಬಹುದು ಅನ್ನುವಷ್ಟು ದೊಡ್ಡ ಹುಟ್ಟು ಮಚ್ಚೆ ಇದ್ದರೆ ಮಾತ್ರ ಮೊದಲಿನಿಂದಲೇ ಚರ್ಮದ ಡಾಕ್ಟರ ಕಣ್ಣಲ್ಲಿ ಇರಬೇಕು. ಅಂದ ಹಾಗೆ, ಜವಳ ಮಾಡಿಸುವಾಗ ತಲೆಯ ಚರ್ಮ ಪೂರ್ತಿ ಕಾಣೋದು ಅದೊಂದೇ ಸಲ. ಆಗ ನೆತ್ತಿ, ಕಿವಿ ಹಿಂದೆ ಎಲ್ಲ ನೋಡಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಹೇಗೂ ಐನೂರು ಫೋಟೋ ತೆಗೆದಿರುತ್ತೀರಿ.

ಇನ್ನು ನಾವು ಯಾರೂ ನೋಡದ ಜಾಗ. ಅಂಗಾಲು, ಅಂಗೈ, ಉಗುರಿನ ಅಡಿ.

ಮೆಲನೋಮಾ ಭಾರತದಲ್ಲಿ ಕಡಿಮೆ. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೂ ಬರುವುದಿಲ್ಲ, ಆಸ್ಟ್ರೇಲಿಯಾದಲ್ಲಿ ಅದೇ ಲೆಕ್ಕ 30 ದಾಟುತ್ತದೆ. ಆದರೆ ನಮ್ಮಂಥ ಚರ್ಮದವರಿಗೆ ಬಂದಾಗ ಬಹಳ ಸಲ ಬರೋದು ಬಿಸಿಲೇ ಬೀಳದ ಅಂಗಾಲಿನಲ್ಲಿ, ಉಗುರಿನಡಿಯಲ್ಲಿ. ಜಮೈಕಾದ ಹಾಡುಗಾರ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳಿನ ಉಗುರಿನಡಿ ಗೊತ್ತಾಗಿದ್ದು ಇದೇ ಕಾಯಿಲೆ. 1981ರಲ್ಲಿ ತೀರಿಕೊಂಡಾಗ ಆತನಿಗೆ 36 ವರ್ಷ. ನಮ್ಮ ಕಡೆ ಅಂಗಾಲಿನಲ್ಲಿ ಮಚ್ಚೆ ಇದ್ದರೆ ದೂರದ ಪ್ರಯಾಣದ ಯೋಗ ಅಂತಾರೆ. ಹಾಗೆ ನೋಡಿದರೆ ಈ ಗುಂಪಿನ ಅರ್ಧ ಜನಕ್ಕೆ ಇರಬೇಕು. ಯೋಗ ಇರಲಿ, ಹೊಸದಾಗಿ ಬಂದಿದ್ದರೆ, ಹರಡುತ್ತಿದ್ದರೆ ಡಾಕ್ಟರ ಕಡೆಗೂ ಒಂದು ಪ್ರಯಾಣ ಆಗಲಿ.

ಉಗುರಿನಲ್ಲಿ ಉದ್ದಕ್ಕೆ ಕಂದು ಗೆರೆ ಕಾಣೋದು ನಮ್ಮ ಬಣ್ಣದವರಲ್ಲಿ ಸಾಮಾನ್ಯ, ಅದರಲ್ಲೂ ನಾಲ್ಕೈದು ಉಗುರಿನಲ್ಲಿ ಒಂದೇ ಥರ ಇದ್ದರೆ. ಒಂದೇ ಉಗುರಿನಲ್ಲಿ ಹೊಸದಾಗಿ ಬಂದು ಅಗಲ ಆಗುತ್ತಿದ್ದರೆ, ಅಥವಾ ಆ ಕಪ್ಪು ಬಣ್ಣ ಉಗುರಿನ ಬುಡದ ಚರ್ಮಕ್ಕೂ ಹಬ್ಬಿದ್ದರೆ ಕಾಯಬೇಡಿ. ತೋರಿಸಲು ಹೋಗುವ ಮುಂಚೆ ನೇಲ್ ಪಾಲಿಶ್ ಒರೆಸಿ. ಮದುವೆ ಸೀಸನ್ನಿನಲ್ಲಿ ಉಗುರಿಗೂ ಮೆಹಂದಿ ಬಳಿದುಕೊಂಡಿದ್ದರೆ ತಿಂಗಳುಗಟ್ಟಲೆ ಏನೂ ಕಾಣಲ್ಲ, ಅದೂ ನೆನಪಿರಲಿ.

ಗೋವಾದ ವಾಸ್ಕೋದ ಅಣ್ಣ ಅಮ್ಮನ ಕಾಲಿನ ಬಗ್ಗೆ ಕೇಳಿದ್ದರು. ಅಮ್ಮ ಬರಿಗಾಲಲ್ಲೇ ಓಡಾಡುತ್ತಾರೆ, ಹಿಮ್ಮಡಿ ಹತ್ತಿರ ಕಪ್ಪು ಕಲೆ ಇದೆ, ಆಣಿ ಅಂತ ಪಟ್ಟಿ ಹಚ್ಚುತ್ತಿದ್ದೇವೆ ಅಂತ. ಅಣ್ಣ, ಆಣಿಯೂ ಇರಬಹುದು. ಏಟು ಬಿದ್ದು ಒಳಗೆ ರಕ್ತ ಕಟ್ಟಿದ್ದೂ ಇರಬಹುದು, ಅದಾದರೆ ಚರ್ಮ ಬೆಳೆದ ಹಾಗೆ ಮೇಲೆ ಬಂದು ಕೆಲವು ವಾರದಲ್ಲಿ ಹೋಗುತ್ತದೆ. ಹೋಗದೆ ಇದ್ದರೆ, ಹುಣ್ಣಾಗಿ ತಿಂಗಳಾದರೂ ಒಣಗದಿದ್ದರೆ, ಆಣಿ ಪಟ್ಟಿ ನಿಲ್ಲಿಸಿ ತೋರಿಸಿ. ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಿ "ಶುಗರ್ ಗಾಯ, ನಿಧಾನಕ್ಕೆ ಒಣಗುತ್ತೆ" ಅಂತ ಕಾಯೋದೇ ಜಾಸ್ತಿ. ಶುಗರ್ ಗಾಯವಾದರೂ ತೋರಿಸಬೇಕಾದದ್ದೇ ಅಲ್ವಾ? ಅಮ್ಮನಿಗೆ ತಾನೇ ತನ್ನ ಅಂಗಾಲು ನೋಡಿಕೊಳ್ಳೋಕೆ ಬಗ್ಗಲು ಆಗಲ್ಲ. ಎಣ್ಣೆ ಹಚ್ಚುವ ನೆಪದಲ್ಲಿ ನೀವೇ ನೋಡಿ.

ಈಗ ನನಗೆ ಸಿಟ್ಟು ಬರುವ ವಿಷಯ. ಮಚ್ಚೆ ಸುಡಿಸೋದು. ಮನೆಯಲ್ಲಿ ಸುಣ್ಣ ಮತ್ತು ಸೋಡಾ ಕಲಸಿ ಇಡುತ್ತಾರೆ, ಗೋವಾ ಕಡೆ ಗೇರು ಸಿಪ್ಪೆಯ ಎಣ್ಣೆ, ಇಲ್ಲಿ ಮರಾಠಿಯವರು ಬಿಬ್ಬಾ, ಅಂದರೆ ಕರಿಗೇರು ಬೀಜದ ರಸ. ಮೂರೂ ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸುತ್ತವೆ, ಕಲೆ ಜೀವನಪೂರ್ತಿ ಉಳಿಯುತ್ತೆ. ಬ್ಯೂಟಿ ಪಾರ್ಲರಿನಲ್ಲಿ ಕರೆಂಟ್ ಮೆಷಿನ್ ಇಟ್ಟುಕೊಂಡು ಹುಬ್ಬು ತಿದ್ದುವ ಜೊತೆಗೇ ಮಚ್ಚೆಯನ್ನೂ ತೆಗೆದುಕೊಡುವವರು ಇದ್ದಾರೆ. ಕುತ್ತಿಗೆಯ ನರುಲಿಗೆ ದಾರ ಬಿಗಿಯೋದಂತೂ ಎಲ್ಲರ ಮನೆಯಲ್ಲೂ ನಡೆದಿದೆ. ನರುಲಿಯಾದರೆ ಸೋಂಕಾಗದಿದ್ದರೆ ಸಾಕು ಅನ್ನಬಹುದು. ಆದರೆ ಅದು ನರುಲಿಯೇ ಅಂತ ಯಾರು ಹೇಳಿದರು? ಹಾಗೆ ಸುಟ್ಟ ಮಚ್ಚೆ ನಮ್ಮ ಲ್ಯಾಬಿಗೆ ಬರುವುದೇ ಇಲ್ಲ. ಬೂದಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡೋಕೆ ಆಗಲ್ಲ. ಮೆಲನೋಮಾ ಆಗಿದ್ದರೆ ಅದು ಚರ್ಮದೊಳಗೆ ಎಷ್ಟು ಆಳ ಇಳಿದಿದೆ ಅಂತ ಮಿಲಿಮೀಟರಿನಲ್ಲಿ ಅಳೆಯುತ್ತಾರೆ, 1970ರಲ್ಲಿ ಬ್ರೆಸ್ಲೋ ಎಂಬ ವೈದ್ಯರು ತೋರಿಸಿಕೊಟ್ಟ ಅಳತೆ ಅದು. 1 ಮಿಲಿಮೀಟರಿಗಿಂತ ತೆಳುವಾಗಿದ್ದಾಗಲೇ ತೆಗೆದರೆ ಬಹುಪಾಲು ಜನರಿಗೆ ಆಪರೇಷನ್ ಒಂದರಲ್ಲೇ ಗುಣವಾಗುತ್ತದೆ. ಮೇಲಿನ ಭಾಗವನ್ನು ಸುಟ್ಟುಬಿಟ್ಟರೆ ಆ ಅಳತೆಯೇ ಹೋಯಿತು, ಒಳಗೆ ಉಳಿದದ್ದು ಸದ್ದಿಲ್ಲದೆ ಬೆಳೆಯುತ್ತದೆ. ಮುಖದ ಮೇಲಿನ ಮಚ್ಚೆ ಚೆನ್ನಾಗಿ ಕಾಣಲ್ಲ ಅಂತ ತೆಗೆಸಬೇಕಾ, ತೆಗೆಸಿ, ತಪ್ಪೇನಿಲ್ಲ. ಡಾಕ್ಟರು ಲೆನ್ಸಿನಲ್ಲಿ ನೋಡಿದ ಮೇಲೆ ತೆಗೆಸಿ. ಚಂದಕ್ಕಾಗಿ ಮಾಡಿಸಿದ್ದಕ್ಕೆ ಮೆಡಿಕ್ಲೇಮ್ ಕೊಡೋದಿಲ್ಲ, ಅದು ಗೊತ್ತಿರಲಿ.

ಯಾವ ಡಾಕ್ಟರು? "ಸ್ಕಿನ್ ಅಂಡ್ ಲೇಸರ್" ಬೋರ್ಡ್ ಪ್ರತಿ ಗಲ್ಲಿಯಲ್ಲೂ ಇದೆ. ಒಳಗೆ ಕೂತವರು ಚರ್ಮದ ವಿಷಯದಲ್ಲೇ ಎಂ.ಡಿ., ಡಿ.ಎನ್.ಬಿ. ಅಥವಾ ಡಿಪ್ಲೊಮಾ ಮಾಡಿದ್ದಾರಾ ಅಂತ ಚೀಟಿಯ ಮೇಲೆ ನೋಡಿ, ಕೇಳೋದಕ್ಕೆ ನಾಚಿಕೆ ಬೇಡ. ಫೋನ್ ಮಾಡುವಾಗಲೇ "ಮಚ್ಚೆ ತೋರಿಸಬೇಕು, ಡರ್ಮೋಸ್ಕೋಪ್ ಇದೆಯಾ" ಅಂತ ಕೇಳಿ. ಅದು ಬೆಳಕಿರುವ ಒಂದು ಲೆನ್ಸು, 10 ಪಟ್ಟು ದೊಡ್ಡದಾಗಿ ಕಾಣುತ್ತದೆ, ಚರ್ಮಕ್ಕೆ ಒತ್ತಿ ನೋಡುತ್ತಾರೆ, ನೋವಿಲ್ಲ, ಮಕ್ಕಳಿಗೆ ಖುಷಿಯೇ ಆಗುತ್ತದೆ. ಖಾಸಗಿ ಫೀಸು ಭಾರ ಅನ್ನಿಸಿದರೆ ಪುಣೆಯಲ್ಲಿ ಸಸೂನ್, ಮುಂಬೈಯಲ್ಲಿ ಪರೇಲಿನ ಕೆ.ಇ.ಎಂ., ಸಯನ್, ನಾಯರ್, ಗೋವಾದಲ್ಲಿ ಬಾಂಬೋಳಿಯ ಮೆಡಿಕಲ್ ಕಾಲೇಜು, ಹೀಗೆ ದೊಡ್ಡ ಸಾರ್ವಜನಿಕ ಆಸ್ಪತ್ರೆಗಳಿವೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್, ಅಂದರೆ ಹೆಸರು ಬರೆಸುವ ಚೀಟಿ, ಮಾಡಿಸಬೇಕು, ಲೈನ್ ಉದ್ದ ಇರುತ್ತದೆ. ಆದರೆ ದಿನಕ್ಕೆ ಅಷ್ಟೊಂದು ಚರ್ಮ ನೋಡಿದ ಕಣ್ಣು ಬೇರೆ ಕಡೆ ಸಿಗೋದು ಕಷ್ಟ. ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಉತ್ತರ ಕೇಳುವವರಿಗೆ ಒಂದು ಮಾತು: ನಮ್ಮ ಗುಂಪಿನಲ್ಲೂ ಹಾಕಬೇಡಿ. ಮಗುವಿನ ಮೈ ಅದು.

ಮಚ್ಚೆಯಲ್ಲದ ಕಲೆಗಳ ಬಗ್ಗೆಯೂ ಕೇಳಿದ್ದೀರಿ, ಬೇಗ ಬೇಗ ಹೇಳಿಬಿಡುತ್ತೇನೆ. ಮಕ್ಕಳ ಕೆನ್ನೆಯ ಮೇಲೆ ಮಾಸಲು ಬಿಳಿ ಚಿಬ್ಬು ಬಹಳ ಸಲ ಒಣ ಚರ್ಮದ್ದು, ಹೊಟ್ಟೆಯ ಹುಳಕ್ಕೂ ಅದಕ್ಕೂ ಸಂಬಂಧ ಇಲ್ಲ. ತೊನ್ನು ಅಂಟುವುದಿಲ್ಲ, ಮೀನು ತಿಂದು ಹಾಲು ಕುಡಿದರೆ ಬರುವುದೂ ಇಲ್ಲ. ಕುತ್ತಿಗೆ ಸುತ್ತ ಕಪ್ಪಗೆ, ದಪ್ಪಗೆ ಆಗಿದ್ದರೆ ಕಲ್ಲು ಹಾಕಿ ಉಜ್ಜಬೇಡಿ, ಅದು ಕೊಳೆ ಅಲ್ಲ, ಮಗುವಿನ ತೂಕ ಮತ್ತು ಸಕ್ಕರೆ ನೋಡಿಸಿ. ಹಾಲು ಬೆರೆಸಿದ ಕಾಫಿ ಬಣ್ಣದ ಚಪ್ಪಟೆ ಕಲೆಗಳು, 5 ಮಿಲಿಮೀಟರಿಗಿಂತ ದೊಡ್ಡವು ಆರು ಅಥವಾ ಜಾಸ್ತಿ ಇದ್ದರೆ ಮಕ್ಕಳ ಡಾಕ್ಟರಿಗೆ ಹೇಳಿ, ನರಗಳಿಗೆ ಸಂಬಂಧಿಸಿದ ಒಂದು ಆನುವಂಶಿಕ ಕಾಯಿಲೆ ಇದೆಯಾ ಅಂತ ಅವರು ನೋಡುತ್ತಾರೆ. ಮುಟ್ಟಿದರೆ ಗೊತ್ತಾಗದ, ತುರಿಸದ, ನೋಯದ ಬಿಳಿಚು ಕಲೆ ಇದ್ದರೆ ಅದು ಕುಷ್ಠ ಇರಬಹುದು. ಹೆದರಬೇಡಿ, ಮುಚ್ಚಿಡಲೂ ಬೇಡಿ. 6 ತಿಂಗಳು ಇಲ್ಲವೇ 12 ತಿಂಗಳ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಗುಣವಾಗುತ್ತದೆ. ಇನ್ನು ಮಳೆಗಾಲದ ಗಜಕರ್ಣಕ್ಕೆ ಮೆಡಿಕಲ್ ಶಾಪಿನವರು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ದಯವಿಟ್ಟು ಹಚ್ಚಬೇಡಿ. 2018ರಿಂದ ಅಂಥ ಎಷ್ಟೋ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರುವ ಹಾಗಿಲ್ಲ, ಆದರೂ ಮಾರುತ್ತಾರೆ. ಎರಡು ದಿನ ತುರಿಕೆ ನಿಂತು ಆಮೇಲೆ ಇಡೀ ಸೊಂಟಕ್ಕೆ ಹರಡುತ್ತದೆ.

ಸಿಡ್ನಿಯಿಂದ ಪುಣೆಯ ವಾಕಡಿಗೆ ವಾಪಸ್ ಬಂದವರು ಬಿಸಿಲಿಗೆ ಚರ್ಮದ ಕ್ಯಾನ್ಸರ್ ಬಂದೀತು ಅಂತ ಮಕ್ಕಳನ್ನು ಮಧ್ಯಾಹ್ನ ಆಟಕ್ಕೆ ಬಿಡಲ್ಲ ಎಂದು ಬರೆದಿದ್ದರು. ಅಲ್ಲಿನ ಬಿಳಿ ಚರ್ಮದವರಿಗೆ ಆ ಭಯ ನ್ಯಾಯ. ಇಲ್ಲಿ ನಮ್ಮ ಮಕ್ಕಳಿಗೆ ಟೋಪಿ, ನೀರು, ಏಪ್ರಿಲ್ ಬಿಸಿಲಲ್ಲಿ ಸ್ವಲ್ಪ ಸನ್‌ಸ್ಕ್ರೀನ್ ಸಾಕು, ಆಡಲಿ ಬಿಡಿ.

ಕೊನೆಗೆ ಬಯಾಪ್ಸಿ. ಡಾಕ್ಟರು ತೆಗೆದು ಪರೀಕ್ಷೆಗೆ ಕಳಿಸೋಣ ಅಂದರೆ ಮನೆಯಲ್ಲಿ ಹಿರಿಯರು "ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುತ್ತೆ" ಅಂತಾರೆ. ಹರಡಲ್ಲ. ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್, ಎರಡು ಮೂರು ಹೊಲಿಗೆ, ಅದೇ ದಿನ ಮನೆ. ರಿಪೋರ್ಟಿಗೆ ಸುಮಾರು ಒಂದು ವಾರ. ತೆಗೆದ ತುಂಡು ಲ್ಯಾಬಿಗೆ ಹೋಯಿತಾ ಅಂತ ಕೇಳಿ ಖಾತ್ರಿ ಮಾಡಿಕೊಳ್ಳಿ, "ಚಿಕ್ಕದು, ಬೇಕಾಗಿಲ್ಲ" ಅಂದರೂ ಕಳಿಸಿ ಅನ್ನಿ. ನಾವು ಆ ತುಂಡನ್ನು ಮೇಣದ ಬ್ಲಾಕ್ ಮಾಡಿ, ತೆಳ್ಳಗೆ ಕೊಯ್ದು ಸ್ಲೈಡ್ ಮಾಡುತ್ತೇವೆ. ರಿಪೋರ್ಟಿನಲ್ಲಿ ಸಂಶಯ ಅಂತ ಬರೆದಿದ್ದರೆ ಮತ್ತೆ ಕೊಯ್ಯಿಸಿಕೊಳ್ಳಬೇಕಾಗಿಲ್ಲ, ಆ ಬ್ಲಾಕ್ ಮತ್ತು ಸ್ಲೈಡುಗಳನ್ನೇ ಮುಂಬೈ ಪರೇಲಿನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಗೆ ಒಯ್ದು ಇನ್ನೊಮ್ಮೆ ನೋಡಿಸಬಹುದು. ಎಷ್ಟೋ ಜನ ಅದನ್ನು ಕೇಳುವುದೇ ಇಲ್ಲ, ಲ್ಯಾಬಿನ ಕಪಾಟಿನಲ್ಲಿ ಬಿದ್ದಿರುತ್ತವೆ. ಅರ್ಜಿ ಕೊಟ್ಟು ಸಹಿ ಹಾಕಿದರೆ ಕೊಡುತ್ತಾರೆ, ರಿಪೋರ್ಟಿನ ಮೇಲಿನ ನಂಬರ್ ಮಾತ್ರ ಜೊತೆಗಿರಲಿ.