ಡಿಜಿಟಲ್ ಇಮೇಜಿಂಗ್ ಕೋರ್ಸ್ ಶುರು ಮಾಡಿದೀನಿ, ಕಾಫಿ ಹೂ ಹಳೇ ಬನಿಯನ್ ಬಣ್ಣಕ್ಕೆ ಬರ್ತಿದೆ

ಆಲೂರಿನವಳು

ಎಲ್ರಿಗೂ ನಮಸ್ಕಾರ. ನಾನು ಆಲೂರು ಕಡೆಯವಳು, ಬಿಕಾಂ ಮಾಡಿ ಹಾಸನದಲ್ಲಿ ಎರಡು ವರ್ಷ ಆಡಿಟರ್ ಆಫೀಸಲ್ಲಿದ್ದೆ, ಪಾಪು ಆದ್ಮೇಲೆ ಮನೇಲೇ ಇದೀನಿ. ಹೋದ ತಿಂಗಳು ಆನ್‌ಲೈನಲ್ಲಿ ಆರು ತಿಂಗಳ ಡಿಜಿಟಲ್ ಇಮೇಜಿಂಗ್ ಕೋರ್ಸಿಗೆ ಸೇರ್ಕೊಂಡೆ. ಫೋಟೋ ತೆಗೆಯೋದು, ಎಡಿಟಿಂಗ್, ಪ್ರಿಂಟಿಗೆ ರೆಡಿ ಮಾಡೋದು ಎಲ್ಲಾ ಇದೆ. ನಮ್ಮನೆಯವರು "ಬಟನ್ ಒತ್ತೋಕೂ ಕೋರ್ಸಾ" ಅಂತ ನಕ್ಕರು, ಅತ್ತೇನೇ ಸೇರ್ಕೊ ಅಂತ ಫೀಸಿಗೆ ದುಡ್ಡು ಕೊಟ್ಟಿದ್ದು, ಅದಕ್ಕೇ ಈಗ ಅರ್ಧಕ್ಕೆ ಬಿಡೋ ಹಂಗೂ ಇಲ್ಲ.

ಮೊದಲನೇ ಅಸೈನ್‌ಮೆಂಟಿಗೆ ಒಂದು ರಾ ಫೈಲು (ಕ್ಯಾಮೆರಾ ಹಿಡಿದ ಡೇಟಾ ಹಂಗಂಗೇ ಇರೋದು), ಅದನ್ನೇ ಎಡಿಟ್ ಮಾಡಿದ 16 ಬಿಟ್ ಟಿಫ್ ಅನ್ನೋ ದೊಡ್ಡ ಫೋಟೋ ಫೈಲು ಅಪ್‌ಲೋಡ್ ಮಾಡಿ ಅಂದ್ರು. ನಮ್ಮನೇಲಿ ನೆಟ್‌ವರ್ಕ್ ಸಿಗೋದೇ ಕಣದ ಪಕ್ಕ ಹಲಸಿನ ಮರದ ಕೆಳಗೆ, ಅಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಕೂತ್ರೆ 80 ಪರ್ಸೆಂಟ್ ಆಗೋ ಹೊತ್ತಿಗೆ ನಿಂತುಹೋಗುತ್ತೆ, ಮತ್ತೆ ಮೊದಲಿಂದ. ಲ್ಯಾಪ್‌ಟಾಪ್ ಬೇರೆ 4 ಜಿಬಿ ರ್‍ಯಾಮಿಂದು, ಫೋಟೋಶಾಪ್ ಓಪನ್ ಮಾಡಿದ್ರೆ ಫ್ಯಾನು ರೈಸ್ ಮಿಲ್ ತರ ಸೌಂಡ್ ಮಾಡುತ್ತೆ.

ಅದನ್ನ ಹೆಂಗೋ ಮುಗಿಸಿದೆ. ಎರಡನೇ ಅಸೈನ್‌ಮೆಂಟು "ಬಿಳಿ ವಸ್ತು ಬಿಳಿಯಾಗಿ, ಕಪ್ಪು ವಸ್ತು ಕಪ್ಪಾಗಿ ಬರಬೇಕು, ಎಡಿಟ್ ಮಾಡೋ ಹಂಗಿಲ್ಲ". ಸುಲಭ ಅನ್ಕೊಂಡೆ. ಹೂ ಮಳೆ, ಅಂದ್ರೆ ಕಾಫಿ ಮೊಗ್ಗು ಅರಳಿಸೋ ಮಳೆ, ಬಿದ್ದು ಎಂಟೊಂಬತ್ತು ದಿನಕ್ಕೆ ನಮ್ಮ ಕಾಫಿ ತೋಟ ಪೂರ್ತಿ ಅರಳಿತ್ತು, ಫ್ರೇಮ್ ತುಂಬ ಹೂವೇ ಬರೋ ಹಂಗೆ ಹತ್ರ ಹೋಗಿ ಫೋನಲ್ಲಿ ತೆಗೆದೆ. ನೋಡಿದ್ರೆ ಹೂ ಹಳೇ ಬನಿಯನ್ ತರ ಮಂಕಾಗಿದೆ. ಕಪ್ಪಿಗೆ ಅಂತ ಬೇಲೂರಿಗೆ ಹೋದಾಗ ಗೋಡೆ ಶಿಲ್ಪ ತೆಗೆದೆ, ಅದು ಸಿಮೆಂಟ್ ಬಣ್ಣಕ್ಕೆ ಬಂದಿದೆ! ಬಿಳಿದೂ ಬೂದಿ, ಕಪ್ಪುದೂ ಬೂದಿ. ಕೋರ್ಸಿನ ಸಾರ್ "ನಿಮ್ಮ ಮೀಟರನ್ನ ನಂಬಬೇಡಿ" ಅಂತ ಒಂದೇ ಲೈನ್ ಬರೆದು ಬಿಟ್ಟಿದಾರೆ. ಯಾವ ಮೀಟರು ಅಂತಾನೇ ನಂಗೆ ಗೊತ್ತಾಗ್ಲಿಲ್ಲ, ಕೇಳೋಕೆ ನಾಚಿಕೆ. ನಮ್ಮ ಚಿಕ್ಕಪ್ಪನ ಮಗ ಡಿಎಸ್‌ಎಲ್‌ಆರ್ ಇಲ್ದೆ ಈ ಕೋರ್ಸ್ ಮಾಡೋದು ವೇಸ್ಟ್ ಅಂತಾನೆ. ತಗೊಳ್ಳಲೇಬೇಕಾ?

ಲ್ಯಾಬ್ ಮನುಷ್ಯ, ಹಾಸನ

ನೋಡಮ್ಮ, ನಿಮ್ಮ ಸಾರ್ ಹೇಳಿದ್ದು ಸರಿ, ಅಷ್ಟು ಹೇಳಿ ಸುಮ್ನಾಗಿದ್ದು ತಪ್ಪು. ನಾಚ್ಕೋಬೇಡ, ಕಲರ್ ಲ್ಯಾಬಲ್ಲಿ ಹತ್ತೊಂಬತ್ತು ವರ್ಷದಿಂದ ಇದೀನಿ, ಮದುವೆ ಫೋಟೋ ತೆಗೆಯೋ ಹುಡುಗರಲ್ಲೇ ಅರ್ಧ ಜನಕ್ಕೆ ಇದು ಗೊತ್ತಿಲ್ಲ, ಬಿಳಿ ಪಂಚೆ ಉಟ್ಟ ಮದುಮಗನ್ನ ಬೂದಿ ಪಂಚೆಲಿ ತಂದು ಕೊಡ್ತಾರೆ.

ಕ್ಯಾಮೆರಾ ಆಗ್ಲಿ ಫೋನಾಗ್ಲಿ, ಎಷ್ಟು ಬೆಳಕು ಒಳಗೆ ಬಿಡಬೇಕು ಅಂತ ಲೆಕ್ಕ ಹಾಕುತ್ತಲ್ಲ, ಅದೇ ಮೀಟರು. ಅದಕ್ಕೆ ಎದುರಿಗಿರೋದು ಕಾಫಿ ಹೂವಾ ಬೇಲೂರ ಕಲ್ಲಾ ಗೊತ್ತಿಲ್ಲ. ಏನೇ ತೋರಿಸಿದ್ರೂ ಇದು ಮಧ್ಯಮ ಬೂದು, ಅಂದ್ರೆ ಬಿದ್ದ ಬೆಳಕಲ್ಲಿ ಸುಮಾರು 18 ಪರ್ಸೆಂಟ್ ವಾಪಸ್ ಕಳಿಸೋ ವಸ್ತು ಅನ್ಕೊಂಡು ಲೆಕ್ಕ ಹಾಕುತ್ತೆ. ಫ್ರೇಮ್ ತುಂಬ ಬಿಳಿ ಹೂ ತೋರಿಸಿದ್ರೆ "ಅಯ್ಯೋ ಬೆಳಕು ಜಾಸ್ತಿ ಆಯ್ತು" ಅಂತ ಕಮ್ಮಿ ಮಾಡುತ್ತೆ, ಹೂ ಬೂದಿ. ಬಳಪದ ಕಲ್ಲು ತೋರಿಸಿದ್ರೆ "ಕತ್ತಲೆ" ಅಂತ ಬೆಳಕು ಜಾಸ್ತಿ ಬಿಡುತ್ತೆ, ಕಲ್ಲು ಸಿಮೆಂಟು. ನೀನು ಮಾಡಿದ ಎರಡು ತಪ್ಪೂ ಒಂದೇ ತಪ್ಪು.

ಫೋನಲ್ಲಿ ಹೂವಿನ ಮೇಲೆ ಬೆರಳಿಟ್ರೆ ಪಕ್ಕದಲ್ಲಿ ಒಂದು ಸೂರ್ಯನ ಗುರುತು ಬರುತ್ತೆ, ಅದನ್ನ ಮೇಲಕ್ಕೆ ಎಳಿ. ಪ್ರೊ ಮೋಡಲ್ಲಾದ್ರೆ ಇವಿ ಅಂತ ಬೆಳಕು ಹೆಚ್ಚು ಕಮ್ಮಿ ಮಾಡೋದು ಇರುತ್ತಲ್ಲ, ಅದು ಪ್ಲಸ್ 1. ಸಾಲದಿದ್ರೆ ಒಂದೂವರೆ. ಕಲ್ಲಿಗೆ ಮೈನಸ್ 1. ಇನ್ನೊಂದು ವಿಷ್ಯ, ಅದೇ ಗಿಡನ ನಾಲ್ಕಡಿ ಹಿಂದೆ ಸರಿದು ತೆಗೆದ್ರೆ ಸುತ್ತ ಕಡು ಹಸಿರು ಎಲೆ, ಮರದ ನೆರಳೇ ಜಾಸ್ತಿ ಬರುತ್ತೆ, ಆಗ ಮೀಟರ್ ಉಲ್ಟಾ ಹೊಡೆದು ಹೂ ಸುಟ್ಟ ಹಂಗೆ ಬೆಳ್ಳಗಾಗುತ್ತೆ. ಆಗ ಪ್ಲಸ್ ಹಾಕಿದ್ರೆ ಕೆಟ್ಟೆ. ಅದಕ್ಕೇ ಹಿಸ್ಟೋಗ್ರಾಮ್, ಅಂದ್ರೆ ಫೋಟೋಲಿ ಎಷ್ಟು ಕಪ್ಪು ಎಷ್ಟು ಬಿಳಿ ಇದೆ ಅಂತ ತೋರಿಸೋ ಗ್ರಾಫ್, ನೋಡೋದು ಕಲಿ, ಎಡಗಡೆ ಕಪ್ಪು, ಬಲಗಡೆ ಬಿಳಿ, ಹೂವಿನ ಗುಡ್ಡ ಬಲಗಡೆ ಇರ್ಬೇಕು, ಆದ್ರೆ ಗೋಡೆಗೆ ಅಂಟ್ಕೋಬಾರ್ದು. ಅಂಟಿದ್ರೆ ಹೂವಿನ ಎಸಳಲ್ಲಿರೋ ಗೆರೆ ಹೋಯ್ತು, ಅದನ್ನ ಯಾವ ಸಾಫ್ಟ್‌ವೇರೂ ವಾಪಸ್ ತರಲ್ಲ.

ಪ್ರಿಂಟಿನ ಪಾಠ ಬಂದಾಗ ಇನ್ನೊಂದು ತಲೆನೋವು ಬರುತ್ತೆ, ಈಗ್ಲೇ ಹೇಳ್ತೀನಿ. ಲ್ಯಾಪ್‌ಟಾಪ್ ಬ್ರೈಟ್‌ನೆಸ್ ಫುಲ್ ಇಟ್ಕೊಂಡು ಎಡಿಟ್ ಮಾಡಿ ನಮ್ಮತ್ರ ತರ್ತಾರೆ, ಪ್ರಿಂಟ್ ಕತ್ತಲಾಗಿ ಬಂತು ಅಂತ ನಮ್ಮ ಮೇಲೇ ಜಗಳ. ಅರ್ಧಕ್ಕೆ ಇಳಿಸ್ಕೊಂಡು ಎಡಿಟ್ ಮಾಡು. ಕಲರ್ ಸ್ಪೇಸ್ ಅಂದ್ರೆ ಫೈಲಲ್ಲಿ ಬಣ್ಣ ಬರೆಯೋ ಪದ್ಧತಿ, ಲ್ಯಾಬಿಗೆ ಕೊಡುವಾಗ ಅದನ್ನ ಎಸ್‌ಆರ್‌ಜಿಬಿಲಿ ಕೊಡು, ಅಡೋಬಿ ಆರ್‌ಜಿಬಿಲಿ ಕೊಟ್ರೆ ಎಷ್ಟೋ ಲ್ಯಾಬಲ್ಲಿ ಬಣ್ಣ ಸಪ್ಪೆಯಾಗುತ್ತೆ.

ಮೂಡಿಗೆರೆ ಮಳೆ

ಅಕ್ಕ, ಹೋದ ವರ್ಷ ನಾನೂ ಇಂಥದ್ದೇ ಒಂದು ಕೋರ್ಸ್ ಮುಗಿಸ್ದೆ. ಅಪ್‌ಲೋಡ್ ಗೋಳು ನಂಗೆ ಚೆನ್ನಾಗಿ ಗೊತ್ತು. ಲೆಕ್ಕ ನೋಡಿ, ನಿಮ್ಮ ಫೋನು 12 ಮೆಗಾಪಿಕ್ಸೆಲ್ ಅನ್ಕೊಳ್ಳಿ, ಒಂದೊಂದು ಪಿಕ್ಸೆಲಿಗೆ ಮೂರು ಬಣ್ಣ, 16 ಬಿಟ್ ಅಂದ್ರೆ ಒಂದು ಬಣ್ಣಕ್ಕೆ 2 ಬೈಟ್, ಅಲ್ಲಿಗೆ ಒಂದು ಟಿಫ್ 72 ಎಂಬಿ ಆಯ್ತು. 24 ಮೆಗಾಪಿಕ್ಸೆಲ್ ಕ್ಯಾಮೆರಾ ತಗೊಂಡ್ರೆ 144 ಎಂಬಿ, ಹಲಸಿನ ಮರದ ಕೆಳಗೆ ಹಾಸಿಗೆ ಹಾಸ್ಕೊಂಡು ಮಲ್ಕೋಬೇಕಾಗುತ್ತೆ. ಎಡಿಟಲ್ಲಿ ಒಂದರ ಮೇಲೊಂದು ಹಾಕಿದ ಲೇಯರ್ ಇದ್ರೆ ಇನ್ನೂ ಜಾಸ್ತಿ, ಫ್ಲಾಟನ್ ಮಾಡಿ, ಅಂದ್ರೆ ಎಲ್ಲಾ ಒಂದೇ ಪದರ ಮಾಡಿ ಕಳಿಸಿ. ನಾನು ಬೆಳಗ್ಗೆ ಐದು ಗಂಟೆಗೆ ಎದ್ದು ಹಾಕ್ತಿದ್ದೆ, ಆ ಹೊತ್ತಲ್ಲಿ ಟವರ್ ಮೇಲೆ ಜನ ಇರಲ್ಲ. ಮೊದಲನೇ ವಾರಾನೇ ಕೋರ್ಸಿನವರಿಗೆ ಮೇಲ್ ಹಾಕಿ ಕರೆಂಟು ನೆಟ್‌ವರ್ಕ್ ಕಥೆ ಹೇಳಿಬಿಡಿ, ಕೊನೇ ದಿನ ಹೇಳಿದ್ರೆ ನೆಪ ಅನ್ಕೋತಾರೆ, ನಂಗೆ ಹಂಗೇ ಆಗಿ ಹತ್ತು ಮಾರ್ಕ್ಸ್ ಹೋಯ್ತು.

16 ಬಿಟ್ ಯಾಕೆ ಕೇಳ್ತಾರೆ ಅಂದ್ರೆ ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ, 12 ಬಿಟ್ ರಾ ಫೈಲಲ್ಲಿ 4096, ಅಷ್ಟೂ ಉಳೀಬೇಕಂದ್ರೆ 8 ಬಿಟ್ ಸಾಲಲ್ಲ. ಮುಳ್ಳಯ್ಯನಗಿರಿ ಹಿಂದಿನ ಸಂಜೆ ಆಕಾಶನ ಜೆಪೆಗ್‌ನಲ್ಲಿ ಎಳೆದಾಡಿ ನೋಡಿ, ಪಟ್ಟೆ ಪಟ್ಟೆ ಬರುತ್ತೆ.

ಫೋಟೋಶಾಪೇ ಬೇಕು ಅಂತ ಕೋರ್ಸಲ್ಲಿ ಕಡ್ಡಾಯ ಇಲ್ದಿದ್ರೆ ಗಿಂಪ್ ಹಾಕೊಳ್ಳಿ, ರಾ ಫೈಲಿಗೆ ರಾಥೆರಪಿ ಅಥವಾ ಡಾರ್ಕ್‌ಟೇಬಲ್, ಮೂರೂ ಫ್ರೀ. ಬಟನ್ ಬೇರೆ ಬೇರೆ ಜಾಗದಲ್ಲಿರುತ್ತೆ ಅಷ್ಟೇ, ಲೇಯರು ಮಾಸ್ಕು ಕರ್ವ್ಸು ಎಲ್ಲಾ ಅದೇ. ಆದ್ರೆ 4 ಜಿಬಿಲಿ ಡಾರ್ಕ್‌ಟೇಬಲೂ ಏದುಸಿರು ಬಿಡುತ್ತೆ. ಕ್ಯಾಮೆರಾಗೆ ಇಟ್ಟ ದುಡ್ಡಲ್ಲಿ ಸ್ವಲ್ಪ ತೆಗೆದು ರ್‍ಯಾಮ್ 8 ಮಾಡ್ಸಿ, ಹಳೇ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕ್ಸಿ. ಒರಿಜಿನಲ್ ಫೈಲನ್ನ ಮುಟ್ಲೇಬೇಡಿ, ತಾರೀಕು ಹಾಕಿ ಒಂದು ಫೋಲ್ಡರ್, ಅದರದ್ದೊಂದು ಕಾಪಿ ಬೇರೆ ಡ್ರೈವಲ್ಲಿ. ನಾನು ಅಯ್ಯನಕೆರೆಲಿ ತೆಗೆದ ಇಡೀ ದಿನದ ಫೋಟೋ ಕಾಪಿ ಆಗಿದೆ ಅನ್ಕೊಂಡು ಕಾರ್ಡ್ ಫಾರ್ಮ್ಯಾಟ್ ಮಾಡಿಬಿಟ್ಟೆ. ಆಗಿರ್ಲಿಲ್ಲ.

ಸ್ಟುಡಿಯೋ ಮಾಮ

ಎಲ್ಲಾ ಸರಿ, ಆದ್ರೆ ಫೋನಲ್ಲಿ ಎಷ್ಟು ದಿನ ಅಂತ ಕಲೀತಾಳೆ? ಅಪರ್ಚರ್, ಅಂದ್ರೆ ಲೆನ್ಸೊಳಗೆ ಬೆಳಕು ಬರೋ ಕಂಡಿ, ತೆಗೆದು ಮುಚ್ಚಿ ಕೈಯಲ್ಲಿ ಮಾಡಿದ್ರೇನೇ ತಲೆಗೆ ಹತ್ತೋದು, ಬಹಳಷ್ಟು ಫೋನಲ್ಲಿ ಅಪರ್ಚರ್ ಬದಲಾಯಿಸೋಕೇ ಬರಲ್ಲ. ನಾವು ರೋಲ್ ಕಾಲದವರು, 36 ಫ್ರೇಮಲ್ಲಿ ಇಡೀ ನಾಮಕರಣ ಮುಗಿಸ್ಬೇಕಿತ್ತು, ಮೀಟರ್ ನಂಬಿದ್ರೆ ಗಿರಾಕಿ ಕೈಲಿ ಬೈಸ್ಕೋಬೇಕಿತ್ತು. ಸೆಕೆಂಡ್ ಹ್ಯಾಂಡ್ ಬಾಡಿ ಒಂದು, 50 ಎಂಎಂ ಲೆನ್ಸ್ ಒಂದು ತಗೊಳ್ಳಮ್ಮ, ಸಾಕು. ತಗೊಳ್ಳೋ ಮುಂಚೆ ಲೆನ್ಸ್ ಹಿಂದಿಂದ ಟಾರ್ಚ್ ಬಿಟ್ಟು ನೋಡು, ಒಳಗೆ ಜೇಡರ ಬಲೆ ತರ ಎಳೆ ಕಂಡ್ರೆ ಅದು ಫಂಗಸ್ಸು, ಫ್ರೀ ಕೊಟ್ರೂ ಬೇಡ. ನಮ್ಮ ಮಲೆನಾಡಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಬ್ಯಾಗೊಳಗೆ ಇಟ್ಟ ಲೆನ್ಸು ಉಪ್ಪಿನಕಾಯಿ ತರ ಬೂಸ್ಟು ಹಿಡಿಯುತ್ತೆ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಲಿ ಸಿಲಿಕಾ ಜೆಲ್ ಹಾಕಿ ಇಡು.

ಲ್ಯಾಬ್ ಮನುಷ್ಯ, ಹಾಸನ

ಮಾಮ ಹೇಳೋದು ಒಪ್ತೀನಿ, ಆದ್ರೆ ಈ ತಿಂಗಳೇ ಬೇಡ. 1975ರಲ್ಲಿ ಕೊಡಾಕ್‌ನಲ್ಲಿ ಸ್ಟೀವನ್ ಸ್ಯಾಸನ್ ಅನ್ನೋರು ಮಾಡಿದ ಮೊದಲ ಡಿಜಿಟಲ್ ಕ್ಯಾಮೆರಾ 0.01 ಮೆಗಾಪಿಕ್ಸೆಲ್, ಒಂದು ಫೋಟೋ ಕ್ಯಾಸೆಟ್ಟಿಗೆ ಬರೆಯೋಕೆ 23 ಸೆಕೆಂಡ್. ಈಯಮ್ಮನ ಕೈಲಿರೋ ಫೋನು ಅದರ ಸಾವಿರ ಪಟ್ಟು. 8 ಇಂಟು 10 ಇಂಚ್ ಪ್ರಿಂಟಿಗೆ ಇಂಚಿಗೆ 300 ಚುಕ್ಕಿ (ಡಿಪಿಐ) ಅಂದ್ರೂ 7.2 ಮೆಗಾಪಿಕ್ಸೆಲ್ ಸಾಕು. ಅಪರ್ಚರ್ ಪಾಠ ಬರೋ ತನಕ ಫೋನಲ್ಲೇ ಬೆಳಕು ಓದೋದು ಕಲೀಲಿ. ಹಳೇಬೀಡಿಗೆ ಹೋಗ್ಲಿ, ದೇವಸ್ಥಾನದ ಬಾಗಿಲು ಪೂರ್ವಕ್ಕಿದೆ, ಹಿಂದಿನ ಗೋಡೆ ಮೇಲೆ ಮಧ್ಯಾಹ್ನ ಮೂರೂವರೆ ಆದ್ಮೇಲೆ ಓರೆ ಬಿಸಿಲು ಬೀಳುತ್ತೆ, ಆನೆ ಸಾಲು ಒಂದೊಂದೂ ಎದ್ದು ನಿಲ್ಲುತ್ತೆ. ಅದೇ ಗೋಡೆನ ಬೆಳಗ್ಗೆ ನೆರಳಲ್ಲೂ ಒಂದು ತೆಗೆದು ಪಕ್ಕ ಪಕ್ಕ ಇಟ್ಟು ನೋಡ್ಲಿ.

ಆಲೂರಿನವಳು

ಎಲ್ರಿಗೂ ತುಂಬಾ ಥ್ಯಾಂಕ್ಸ್. ನಮ್ಮ ತೋಟದಲ್ಲಿ ಹೂ ಉದುರಿ ಕಂದು ಬಣ್ಣಕ್ಕೆ ತಿರುಗಿತ್ತು, ಪಕ್ಕದ ತೋಟದವರು ಸ್ಪ್ರಿಂಕ್ಲರ್ ತಡವಾಗಿ ಬಿಟ್ಟಿದ್ರಿಂದ ಅಲ್ಲಿ ಇನ್ನೂ ಇತ್ತು, ಬೇಲಿ ಹಾರಿ ಹೋಗಿ ತೆಗೆದೆ. ಪ್ಲಸ್ 1 ಹಾಕಿದ್ದಕ್ಕೆ ಹೂ ಹೂವಿನ ಹಂಗೇ ಬಂತು, ಪ್ಲಸ್ 2 ಹಾಕಿದ್ದು ಬರೀ ಬಿಳಿ ಪೇಪರ್. ಮಾಮ ಹೇಳಿದ ಟಾರ್ಚ್ ಟೆಸ್ಟನ್ನ ಚಿಕ್ಕಪ್ಪನ ಮಗನ ಲೆನ್ಸಿಗೇ ಮಾಡ್ದೆ, ಒಳಗೆ ಜೇಡರ ಬಲೆ ಇತ್ತು, ಈಗ ಅವ್ನು ನನ್ನತ್ರ ಮಾತಾಡ್ತಿಲ್ಲ. ರ್‍ಯಾಮ್ ಸೋಮವಾರ ಹಾಕಿಸ್ತೀನಿ. ಇನ್ನೊಂದು ಡೌಟು, ಹೂವಿನ ಮೇಲೆ ಕೂತಿದ್ದ ಜೇನುಹುಳ ಎಲ್ಲಾ ಫೋಟೋಲೂ ಅಲುಗಾಡಿದೆ, ಅದಕ್ಕೆ ಏನು ಮಾಡೋದು?

ಸ್ಟುಡಿಯೋ ಮಾಮ

ಶಟರ್ ಸ್ಪೀಡ್ ಸಾವಿರದ ಮೇಲೆ ಇಡು, ಅಂದ್ರೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಕಮ್ಮಿ ಹೊತ್ತು, ಬಿಸಿಲಲ್ಲಿ ತೆಗಿ. ಕಚ್ಚಿಸ್ಕೋಬೇಡ.