ಪೀಣ್ಯದಲ್ಲಿ ಕೆಲಸ, ಮನೆಯಲ್ಲಿ ವಯಸ್ಸಾದ ಆಯಿ: ಬೆಂಗಳೂರಿನ ಯಾವ ಬಡಾವಣೆಯಲ್ಲಿ ಮನೆ ನೋಡಲಿ?

ಪ್ರಶ್ನೆ: ತೋಡೂರಿನವ, ಕಾರವಾರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಕಾರವಾರದ ಒಂದು ವರ್ಕ್‌ಶಾಪಿನಲ್ಲಿ 16 ವರ್ಷ ಲೇತ್ ಮೇಲೆ ಕೆಲಸ ಮಾಡಿದವನು ನಾನು. ಈಗ ಬೆಂಗಳೂರಿನ ಪೀಣ್ಯ ಎರಡನೇ ಹಂತದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದೆ. ಏಪ್ರಿಲ್ ಮೊದಲ ವಾರ ಹಾಜರಾಗಬೇಕು. ಒಬ್ಬನೇ ಹೋಗಿ ಕೋಣೆ ಹಿಡಿದು ಇರುವ ವಯಸ್ಸು ದಾಟಿತು. ಹೋದರೆ ಐದೂ ಜನ ಒಟ್ಟಿಗೆ ಎಂದು ನಿರ್ಧರಿಸಿದ್ದೇವೆ. ನಾನು, ಹೆಂಡತಿ, ಏಳನೇ ತರಗತಿ ಮುಗಿಸುತ್ತಿರುವ ಮಗಳು, ಒಂದನೇ ತರಗತಿಯ ಮಗ, 69 ವರ್ಷದ ಆಯಿ, ಅಂದರೆ ನನ್ನ ಅಮ್ಮ.

ಮೂರು ಜಾಗಗಳ ಹೆಸರು ಕೇಳಿಬಂದಿವೆ. ಕಾರ್ಖಾನೆಯವರು ನಾಗಸಂದ್ರ, ದಾಸರಹಳ್ಳಿ ಕಡೆ ನೋಡಿ, ನಡೆದೇ ಬರಬಹುದು ಎನ್ನುತ್ತಾರೆ. ನಮ್ಮ ಕಡೆಯ ಸ್ನೇಹಿತರು ವಿಜಯನಗರಕ್ಕೆ ಕರೆಯುತ್ತಿದ್ದಾರೆ. ಹೆಂಡತಿಯ ಅಣ್ಣ ಕೆಂಗೇರಿಯಲ್ಲಿದ್ದಾರೆ, ಅಲ್ಲಿ ಬಾಡಿಗೆ ಕಡಿಮೆಯಂತೆ. ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ನನ್ನಿಂದ ಆಗದು. ಮುಂಗಡಕ್ಕೆಂದು ಸ್ವಲ್ಪ ಹಣ ಕೂಡಿಟ್ಟಿದ್ದೇನೆ.

ನನ್ನ ಚಿಂತೆ ಇರುವುದು ಆಯಿಯ ಬಗ್ಗೆ. ನಾವು ಮೂಲತಃ ಅರಗಾದವರು. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆಗೆ ಭೂಮಿ ಹೋದ ಮೇಲೆ ತೋಡೂರಿನ ಕಾಲೋನಿಗೆ ಬಂದೆವು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ನಿವೇಶನ ನೋಡಲು ಅಪ್ಪ ಒಬ್ಬರೇ ಹೋಗಿಬಂದರು. ಆಯಿಯನ್ನು ಕರೆದುಕೊಂಡು ಹೋಗಬೇಕೆಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಸಾಮಾನು ತುಂಬಿದ ಟೆಂಪೋ ಇಳಿದ ದಿನವೇ ಆಕೆ ಆ ಜಾಗವನ್ನು ಮೊದಲು ಕಂಡದ್ದು. ಹಳೆಯ ಮನೆಯ ಹಿತ್ತಲ ಬಾಗಿಲಿಗೆ ಕುಳಿತರೆ ಸಮುದ್ರ ಕಾಣುತ್ತಿತ್ತು. ಈಳಿಗೆಮಣೆಯ ಮೇಲೆ ಕಾಲೂರಿ ಬಂಗುಡೆ ಹೆಚ್ಚುತ್ತಾ, ದೋಣಿ ಬಂತೋ ಇಲ್ಲವೋ ಎಂದು ತಲೆ ಎತ್ತಿ ನೋಡುತ್ತಿದ್ದಳು. ಹೊಸ ಮನೆಯಲ್ಲಿ ಹಿತ್ತಲ ಬಾಗಿಲಿನ ಎದುರು ಇನ್ನೊಂದು ಮನೆಯ ಗೋಡೆ. ಆದರೂ ಎಷ್ಟೋ ದಿನ ಮೀನು ಹೆಚ್ಚುವಾಗ ಅವಳ ತಲೆ ಮೇಲೇಳುತ್ತಿತ್ತು. ಅದನ್ನು ನೋಡಿದವನು ನಾನು, ಮರೆಯಲಾರೆ.

ಈಗ ಎರಡನೇ ಸಲ ಅವಳನ್ನು ಎಬ್ಬಿಸುತ್ತಿದ್ದೇನೆ. ನಾನು ದಿನಕ್ಕೆ ಹತ್ತು ಗಂಟೆ ಹೊರಗಿರುತ್ತೇನೆ, ಮಕ್ಕಳು ಶಾಲೆಯಲ್ಲಿರುತ್ತಾರೆ. 24 ಗಂಟೆ ಆ ಬೀದಿಯಲ್ಲಿ ಬದುಕುವವಳು ಅವಳು. ಹಾಗಾಗಿ ಅವಳಿಗೆ ಹೊಂದುವ ಜಾಗ ಮೊದಲು, ನನ್ನ ಕಾರ್ಖಾನೆ ಆಮೇಲೆ. ಎರಡು ವರ್ಷಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದೇವೆ. ಅದಕ್ಕೂ ಮಂಗಳೂರಿಗೇ ಹೋಗಬೇಕಾಯಿತು, ಸುಮಾರು 270 ಕಿಲೋಮೀಟರ್. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಎಷ್ಟು ಕಾಲದಿಂದ ಕೇಳುತ್ತಿದ್ದೇವೆ ಎಂಬುದು ಇಲ್ಲಿರುವ ನಿಮಗೆಲ್ಲ ಗೊತ್ತು. ಮಂಡಿನೋವೂ ಇದೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ 1: ಕೋಡಿಬಾಗದವ, ಈಗ ವಿಜಯನಗರ

ತಮ್ಮಾ, ನಾನು ವಿಜಯನಗರಕ್ಕೆ ಬಂದು 19 ವರ್ಷವಾಯಿತು. ಈ ಜಾಗವನ್ನು ಬಿಟ್ಟು ಎಲ್ಲಿಗೂ ಹೋಗಲಾರೆ. ಆದರೂ ನಿಮಗೆ ಇಲ್ಲಿ ಬನ್ನಿ ಎಂದು ಹೇಳುವುದಿಲ್ಲ. ವಿಜಯನಗರ ಇರುವುದು ಮೆಟ್ರೋ ನೇರಳೆ ಮಾರ್ಗದಲ್ಲಿ, ಪೀಣ್ಯ ಇರುವುದು ಹಸಿರು ಮಾರ್ಗದಲ್ಲಿ. ದಿನಕ್ಕೆ ಎರಡು ಸಲ ಮೆಜೆಸ್ಟಿಕ್‌ನಲ್ಲಿ ಇಳಿದು, ಆ ಜನಸಂದಣಿಯಲ್ಲಿ ಮಾರ್ಗ ಬದಲಿಸಬೇಕು. ಕೆಂಗೇರಿಯಾದರೂ ಅದೇ ಕಥೆ, ದೂರ ಇನ್ನೂ ಹೆಚ್ಚು.

ಹಸಿರು ಮಾರ್ಗದಲ್ಲೇ ಹುಡುಕಿ. ಪೀಣ್ಯದಿಂದ ನಗರದ ಕಡೆಗೆ ಬಂದರೆ ಗೊರಗುಂಟೆಪಾಳ್ಯ, ಯಶವಂತಪುರ, ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಮಹಾಲಕ್ಷ್ಮಿ ನಿಲ್ದಾಣಗಳು ಸಿಗುತ್ತವೆ. ನಂದಿನಿ ಬಡಾವಣೆ, ಮಹಾಲಕ್ಷ್ಮಿ ಬಡಾವಣೆಯ ಒಳಬೀದಿಗಳಲ್ಲಿ ಹಳೆಯ ಮನೆಗಳಿವೆ. ಮಾಲೀಕರು ಮೇಲೆ ಇದ್ದುಕೊಂಡು ಕೆಳಗಿನದನ್ನು ಬಾಡಿಗೆಗೆ ಕೊಡುತ್ತಾರೆ. ಬೆಳಿಗ್ಗೆ ಎಲ್ಲರೂ ನಗರದ ಒಳಗೆ ಹೋಗುವಾಗ ನೀವು ಹೊರಗೆ ಹೋಗುತ್ತೀರಿ, ರೈಲಿನಲ್ಲಿ ಕುಳಿತುಕೊಳ್ಳಲು ಜಾಗ ಸಿಗುತ್ತದೆ.

ಆಯಿಗೆ ಇನ್ನೊಂದು ಅನುಕೂಲ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಆರಂಭವಾಯಿತು. ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಯವರೆಗೆ ಹೋಗಿ ಹಳದಿಗೆ ಬದಲಿಸಿದರೆ ಎರಡನೇ ನಿಲ್ದಾಣವೇ ಜಯದೇವ ಆಸ್ಪತ್ರೆ. ಹೃದಯದ ತಪಾಸಣೆಗೆ ಅಲ್ಲಿಗೆ ಹೋಗಬಹುದು. ಸಣ್ಣಪುಟ್ಟ ಜ್ವರಕ್ಕೆ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ ಹತ್ತಿರವೇ ಇದೆ.

ಮುಂಗಡದ ವಿಷಯ. ಹತ್ತು ತಿಂಗಳ ಬಾಡಿಗೆ ಕೇಳುವುದು ಇಲ್ಲಿನ ಹಳೆಯ ರೂಢಿ, ಈಗ ಐದಾರಕ್ಕೆ ಒಪ್ಪುವವರೂ ಇದ್ದಾರೆ, ಹಾಗಾಗಿ ಮಾತನಾಡಿ. ಭೋಗ್ಯಕ್ಕೆ ಕೊಡುತ್ತೇವೆ, ದೊಡ್ಡ ಮೊತ್ತ ಒಮ್ಮೆಲೇ ಕೊಟ್ಟರೆ ಬಾಡಿಗೆಯೇ ಬೇಡ ಎಂದು ಯಾರಾದರೂ ಹೇಳಿದರೆ ಆತುರ ಪಡಬೇಡಿ. ನನ್ನ ಪರಿಚಯದವರೊಬ್ಬರು ಮನೆಯ ಮೇಲೆ ಸಾಲವಿರುವುದನ್ನು ತಿಳಿಯದೆ ದುಡಿದದ್ದನ್ನೆಲ್ಲ ಕೊಟ್ಟು ಎರಡು ವರ್ಷ ಅಲೆದರು.

ಉತ್ತರ 2: ಶಿರಸಿ ತವರು, ಬಾಗಲಗುಂಟೆ ಮನೆ

ಅಣ್ಣಾ, ನೀವು ನೀರಿನ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ. ಬಾವಿ ಇರುವ ಊರಿನಿಂದ ಬರುವ ನಾವೆಲ್ಲ ಮಾಡುವ ತಪ್ಪು ಇದೇ. ನಾನೂ ಮಾಡಿದೆ. ನಲ್ಲಿ ತಿರುಗಿಸಿ ನೋಡಿದೆ, ನೀರು ಬಂತು, ಮನೆ ಒಪ್ಪಿಕೊಂಡೆವು. ಆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಲಿಲ್ಲ.

2024ರ ಮಾರ್ಚ್ ತಿಂಗಳು. ಒಂದು ಮಧ್ಯಾಹ್ನ ಮೋಟಾರು ಹಾಕಿದರೆ ನೀರೆಳೆಯುವ ಸದ್ದಿನ ಬದಲು ಗೊರಗೊರ ಎಂದು ಗಾಳಿ ಎಳೆಯುವ ಸದ್ದು. ನಮ್ಮ ಕಟ್ಟಡದ ಕೊಳವೆಬಾವಿ ಬತ್ತಿತ್ತು. ಆಮೇಲೆ ಮಳೆ ಬರುವವರೆಗೂ ಟ್ಯಾಂಕರ್. ಫೋನ್ ಮಾಡಿದರೆ ನಾಳೆ ಎನ್ನುತ್ತಾರೆ, ನಾಳೆ ಎಂದರೆ ನಾಡಿದ್ದು. ಅಕ್ಕಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು, ಅದರಲ್ಲೇ ನೆಲ ಒರೆಸಿದೆ. ಮಳೆಗಾಲದಲ್ಲಿ ಅಂಗಳದ ನೀರನ್ನು ಹೊರಗೆ ಕಳಿಸುವುದೇ ಕೆಲಸವಾಗಿದ್ದ ಮನೆಯಲ್ಲಿ ಬೆಳೆದವಳಿಗೆ ಅದು ಹೇಗನಿಸಿತು ಎಂದು ಬರೆಯಲು ಆಗುವುದಿಲ್ಲ.

ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ ಅದು. ಒಳ್ಳೆಯದೇ. ಆದರೆ ಬೀದಿಗೆ ಕೊಳವೆ ಬಂದಿದೆ ಎಂದರೆ ಮನೆಯ ಸಂಪ್‌ಗೆ, ಅಂದರೆ ನೆಲದಡಿಯ ನೀರಿನ ತೊಟ್ಟಿಗೆ, ಬಂದಿದೆ ಎಂದಲ್ಲ. ಮಾಲೀಕರು ಹಣ ಕಟ್ಟಿ ಸಂಪರ್ಕ ಪಡೆದಿರಬೇಕು. ಆದ್ದರಿಂದ ಜಲಮಂಡಳಿಯ ಬಿಲ್ ತೋರಿಸಿ ಎಂದು ಕೇಳಿ. ಸಂಪಿನ ಮುಚ್ಚಳ ತೆಗೆಸಿ ನೋಡಿ. ವಾರದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ನೀರು ಬಿಡುತ್ತಾರೆ ಎಂದು ಮಾಲೀಕರನ್ನಲ್ಲ, ಪಕ್ಕದ ಮನೆಯ ಹೆಂಗಸರನ್ನು ಕೇಳಿ. ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ತೀರಾ ಅಂಟಿಕೊಂಡ ಬೀದಿಗಳಲ್ಲಿ ಕೊಳವೆಬಾವಿ ನೀರನ್ನೇ ನಂಬಿದ ಮನೆ ಬೇಡವೇ ಬೇಡ. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಪರೀಕ್ಷೆಗಳಲ್ಲಿ ಕಂಡಿದೆ.

ಮೀನಿನ ವಿಷಯವನ್ನೂ ಮೊದಲೇ ಹೇಳಿಬಿಡಿ. ನಾವು ಮೀನು ತಿನ್ನುವವರಲ್ಲ, ಆದರೆ ನಮ್ಮ ಬೀದಿಯಲ್ಲಿ ಹೊನ್ನಾವರದ ಕುಟುಂಬವೊಂದು ಬಂದ ಎರಡೇ ತಿಂಗಳಿಗೆ ಮನೆ ಖಾಲಿ ಮಾಡಬೇಕಾಯಿತು. ಅಡುಗೆಯ ವಾಸನೆಯ ಮೇಲೆ ಜಗಳ. ಆಯಿಗೆ ಕದ್ದು ಅಡುಗೆ ಮಾಡುವ ಸ್ಥಿತಿ ಬರಬಾರದು.

ಉತ್ತರ 3: ನಿವೃತ್ತ ಮಾಸ್ತರು, ಕುಮಟಾ

ಮಗಳು ಎಂಟನೇ ತರಗತಿಗೆ ಹೋಗುತ್ತಾಳೆ ಎಂದಿರಿ. ನಮ್ಮ ರಾಜ್ಯದಲ್ಲಿ ಪ್ರೌಢಶಾಲೆ ಆರಂಭವಾಗುವುದೇ ಎಂಟರಿಂದ, ಹೇಗೂ ಶಾಲೆ ಬದಲಾಗುವ ವರ್ಷ. ಇದೇ ಸರಿಯಾದ ಸಮಯ. ಒಂದು ವರ್ಷ ತಡೆದರೆ ಒಂಬತ್ತರಲ್ಲಿ, ಎಸ್ಸೆಸ್ಸೆಲ್ಸಿಯ ಹೊಸ್ತಿಲಲ್ಲಿ ಮಗುವನ್ನು ಅಲುಗಾಡಿಸಿದಂತೆ ಆಗುತ್ತದೆ. ಕನ್ನಡ ಮಾಧ್ಯಮದಲ್ಲೇ ಓದುತ್ತಿದ್ದರೆ ಮನೆ ಗೊತ್ತುಮಾಡುವ ಮೊದಲೇ ಆ ಭಾಗದ ಸರ್ಕಾರಿ ಪ್ರೌಢಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರೊಡನೆ ಮಾತನಾಡಿ ಬನ್ನಿ. ಬೆಂಗಳೂರೆಂದು ಹೆದರಿ ಏಕಾಏಕಿ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಬೇಡಿ. ವರ್ಗಾವಣೆ ಪತ್ರದಲ್ಲಿ ಹೆಸರು, ಜನ್ಮದಿನಾಂಕ ಆಧಾರ್‌ನಲ್ಲಿರುವಂತೆಯೇ ಇದೆಯೇ ಎಂದು ತೋಡೂರಿನಲ್ಲಿ ಇರುವಾಗಲೇ ನೋಡಿಕೊಳ್ಳಿ.

ಇನ್ನು ಆಯಿಯ ಮಾತು. ನಾನು ಮಗನ ಜೊತೆ ಬೆಂಗಳೂರಿನಲ್ಲಿ ಎರಡು ವರ್ಷ ಇದ್ದು ವಾಪಸ್ಸು ಬಂದವನು. ಮಗ, ಸೊಸೆ ಚೆನ್ನಾಗಿ ನೋಡಿಕೊಂಡರು, ಅವರಲ್ಲಿ ಯಾವ ಕೊರತೆಯೂ ಇರಲಿಲ್ಲ. ಮನೆ ಇದ್ದದ್ದು ನಾಲ್ಕನೇ ಮಹಡಿಯಲ್ಲಿ. ಬೆಳಿಗ್ಗೆ ಎಂಟೂವರೆಗೆ ಬಾಗಿಲು ಹಾಕಿಕೊಂಡರೆ ಸಂಜೆ ಐದರವರೆಗೆ ನನ್ನನ್ನು ಹೆಸರಿಟ್ಟು ಕರೆಯುವವರು ಒಬ್ಬರೂ ಇಲ್ಲ. ಕೆಳಗೆ ತರಕಾರಿ ಗಾಡಿಯವನು ಕೂಗಿದರೆ ಇಳಿದು ಹೋಗುವಷ್ಟರಲ್ಲಿ ಅವನು ಮುಂದಿನ ಬೀದಿಯಲ್ಲಿ. ಹಾಗಾಗಿ ಹೇಳುತ್ತೇನೆ: ನೆಲಮಹಡಿಯೇ ಇರಲಿ, ಬೀದಿಗೆ ತೆರೆಯುವ ಬಾಗಿಲಿರಲಿ, ಕುಳಿತುಕೊಳ್ಳಲು ಒಂದು ಮೆಟ್ಟಿಲಾದರೂ ಇರಲಿ. ಬೆಳಕು ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ.

ಮುಖ್ಯವಾಗಿ, ಈ ಸಲ ಅವರನ್ನು ಕರೆದುಕೊಂಡು ಹೋಗಿ ತೋರಿಸಿ.

ಮತ್ತೆ ತೋಡೂರಿನವ, ಐದು ವಾರಗಳ ನಂತರ

ಮಾಸ್ತರರೇ, ನಿಮ್ಮ ಕೊನೆಯ ಸಾಲನ್ನು ಹೆಂಡತಿಗೆ ಓದಿ ಹೇಳಿದೆ. ಅಂದೇ ಮೂರು ಟಿಕೆಟ್ ತೆಗೆದೆವು. ಶಿರವಾಡದ ನಿಲ್ದಾಣದಲ್ಲಿ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಯಶವಂತಪುರದಲ್ಲಿ ಇಳಿದೆವು. ಈ ರೈಲಿಗೆ ಅಲ್ಲೂ ನಿಲುಗಡೆ ಇರುವುದರಿಂದ ಆ ಭಾಗದಲ್ಲಿ ಮನೆ ಮಾಡಿದರೆ ಊರಿಗೆ ಹೋಗಿಬರುವುದು ಎಷ್ಟು ಸುಲಭ ಎಂಬುದು ಇಳಿದ ಮೇಲೆಯೇ ತಿಳಿಯಿತು. ಮಕ್ಕಳನ್ನು ಅತ್ತೆಯ ಮನೆಯಲ್ಲಿ ಬಿಟ್ಟಿದ್ದೆವು.

ಎರಡು ದಿನದಲ್ಲಿ ಏಳು ಮನೆ ನೋಡಿದೆವು. ನಾಗಸಂದ್ರದ್ದು ಚೆನ್ನಾಗಿತ್ತು, ಹೊಸ ಟೈಲ್ಸ್, ಕಾರ್ಖಾನೆಗೆ ಹತ್ತಿರ. ಬಿಲ್ ತೋರಿಸಿ ಎಂದೆ. ಮಾಲೀಕರು ಸಂಪರ್ಕಕ್ಕೆ ಅರ್ಜಿ ಕೊಟ್ಟಿದ್ದೇವೆ ಎಂದರು. ಬಾಗಲಗುಂಟೆಯ ತಂಗಿ, ನಿಮ್ಮ ಮಾತು ನೆನಪಾಯಿತು, ಕೈಮುಗಿದು ಬಂದೆವು. ಇನ್ನೆರಡು ಕಡೆ ಸಸ್ಯಾಹಾರಿಗಳಿಗೆ ಮಾತ್ರ ಎಂದರು. ಆಯಿ ಬೇಸರ ಪಡಲಿಲ್ಲ, ಅವರ ಮನೆ, ಅವರ ಇಷ್ಟ ಎಂದಳು.

ಆರನೆಯದು ನಂದಿನಿ ಬಡಾವಣೆಯ ಒಳಬೀದಿಯಲ್ಲಿ. ನೆಲಮಹಡಿ, ಎರಡು ಕೋಣೆ, ಬಾಡಿಗೆ 17,500. ಮೇಲೆ ಮಾಲೀಕರು ಇದ್ದಾರೆ, ಮಂಡ್ಯ ಕಡೆಯವರು. ನಾನು ಗೋಡೆಯ ತೇವ, ಸ್ವಿಚ್ಚು ನೋಡುತ್ತಿರುವಾಗ ಆಯಿ ನೇರವಾಗಿ ಹಿಂದೆ ಹೋದಳು. ಅಲ್ಲಿ ಬಟ್ಟೆ ಒಗೆಯುವ ಕಲ್ಲು, ನಲ್ಲಿ, ನಾಲ್ಕು ಮಾರು ಅಗಲದ ತೆರೆದ ಜಾಗ. ನಲ್ಲಿ ತಿರುಗಿಸಿ ಅಂಗೈಯಲ್ಲಿ ನೀರು ಹಿಡಿದು ಬಾಯಿಗೆ ಹಾಕಿಕೊಂಡು ನಿಂತಳು. ಆಮೇಲೆ ಮನೆಯೊಡತಿಯನ್ನು ಕರೆದು, ನಾನು ಮಾತು ಹುಡುಕುವ ಮೊದಲೇ, ಇಲ್ಲಿ ಕುಳಿತು ಮೀನು ಹೆಚ್ಚಬಹುದೇ ಎಂದು ಕೇಳಿಯೇಬಿಟ್ಟಳು. ಅವರು, ಹೆಚ್ಚಿ ಅಜ್ಜಿ, ತಲೆ, ಬಾಲ ನಮ್ಮ ಬೆಕ್ಕಿಗೆ ಹಾಕಿ ಎಂದರು.

ಮೆಟ್ರೋಗೆ ನಡೆದು ಹೋಗಲು ಸ್ವಲ್ಪ ದೂರವೇ, ಆದರೆ ಬಸ್ ಇದೆ. ಆಯಿಗೆ, ಹೆಂಡತಿಗೆ ಬಿಎಂಟಿಸಿ ಸಾಮಾನ್ಯ ಬಸ್‌ನಲ್ಲಿ ಶಕ್ತಿ ಯೋಜನೆಯಡಿ ಟಿಕೆಟ್ ಖರ್ಚಿಲ್ಲ. ಆರು ತಿಂಗಳ ಮುಂಗಡಕ್ಕೆ ಒಪ್ಪಿದರು, 11 ತಿಂಗಳ ಕರಾರು. ಶಾಲೆಗೂ ಹೋಗಿಬಂದೆವು, ಮೇ ಕೊನೆಯ ವಾರ ಬನ್ನಿ ಎಂದಿದ್ದಾರೆ. ಮಗಳು ಮಾತ್ರ ಇನ್ನೂ ಮುನಿಸಿಕೊಂಡಿದ್ದಾಳೆ, ಗೆಳತಿಯರನ್ನು ಬಿಟ್ಟು ಬರುವ ದುಃಖ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಒಂದು ಸಹಾಯ ಬೇಕು. ಮಾರ್ಚ್ ಕೊನೆಯಲ್ಲಿ ಕಾರವಾರದಿಂದ ಅರಬೈಲ್ ಘಟ್ಟ ಹತ್ತಿ ಬೆಂಗಳೂರಿಗೆ ಹೋಗುವ, ಅರ್ಧ ಖಾಲಿ ಇರುವ ಲಾರಿಯವರು ಯಾರಾದರೂ ಪರಿಚಯವಿದ್ದರೆ ತಿಳಿಸಿ. ಸಾಮಾನು ಹೆಚ್ಚಿಲ್ಲ. ಆದರೆ ಅರಗಾದಿಂದ ತೋಡೂರಿಗೆ ಬಂದ ರುಬ್ಬುವ ಕಲ್ಲು ಒಂದಿದೆ, ಎತ್ತಲು ಇಬ್ಬರು ಬೇಕು. ಅದನ್ನು ಎಲ್ಲಿ ಇಡಬೇಕು ಎಂಬುದನ್ನು ಆಯಿ ನೋಡಿಕೊಂಡು ಬಂದಿದ್ದಾಳೆ.