ಮಾದರಿ ಉತ್ತರ ಅರ್ಥವಾಗುತ್ತದೆ, ಸ್ವಂತವಾಗಿ ಬಿಡಿಸಲು ಆಗುತ್ತಿಲ್ಲ

ಪ್ರಶ್ನೆ:
ವೃತ್ತಿಪರ ಅಕೌಂಟಿಂಗ್ ಪರೀಕ್ಷೆಗೆ ಸಿದ್ಧತೆ ನಡೆಸುತ್ತಿದ್ದೇನೆ. ಪಾಠಗಳನ್ನೆಲ್ಲ ಓದಿ ಮುಗಿಸಿದ್ದರೂ, ಕನ್ಸಾಲಿಡೇಷನ್ (ಮಾತೃಸಂಸ್ಥೆ ಮತ್ತು ಅದರ ಹಿಡಿತದಲ್ಲಿರುವ ಅಂಗಸಂಸ್ಥೆಗಳ ಲೆಕ್ಕಪತ್ರಗಳನ್ನು ಒಂದಾಗಿಸುವ) ಲೆಕ್ಕವನ್ನು ಖಾಲಿ ಹಾಳೆಯ ಮೇಲೆ ಬಿಡಿಸಲು ಕುಳಿತರೆ ಕೈ ಓಡುವುದಿಲ್ಲ. ಮತ್ತೊಮ್ಮೆ ಓದುವುದು ಸೂಕ್ತವೇ, ಅಥವಾ ನೇರವಾಗಿ ಪ್ರಶ್ನೆಗಳಿಗೇ ಇಳಿಯಬೇಕೇ?

ಉತ್ತರ 1:
ಪ್ರಶ್ನೆಗಳಿಗೇ ಇಳಿಯಿರಿ. ಮಾದರಿ ಉತ್ತರವನ್ನು ಮುಚ್ಚಿಟ್ಟು ಕೊನೆಯವರೆಗೂ ಬಿಡಿಸಿದ ಮೇಲಷ್ಟೇ ಹೋಲಿಸಿ ನೋಡಿ. ಎಡವಿದ್ದು ನಿಯಮದಲ್ಲೋ, ಲೆಕ್ಕಾಚಾರದಲ್ಲೋ, ಪ್ರಶ್ನೆಯನ್ನು ಓದಿಕೊಂಡ ರೀತಿಯಲ್ಲೋ ಎಂಬುದನ್ನು ಪಕ್ಕದಲ್ಲೇ ಬರೆದಿಡಿ. ಉದಾಹರಣೆಗೆ, ಅಂಗಸಂಸ್ಥೆಯು ವೆಚ್ಚದ ಮೇಲೆ ಶೇ 20 ಲಾಭ ಸೇರಿಸಿ ಮಾತೃಸಂಸ್ಥೆಗೆ ಮಾರಿದ ಸರಕಿನಲ್ಲಿ ಆ ಮಾರಾಟ ಬೆಲೆಯಲ್ಲಿ 60,000 ಮೌಲ್ಯದ್ದು ವರ್ಷಾಂತ್ಯಕ್ಕೆ ಮಾತೃಸಂಸ್ಥೆಯ ಬಳಿಯೇ ಉಳಿದಿದ್ದರೆ, ಹೊರಗಿನವರಿಗೆ ಇನ್ನೂ ಮಾರದ ಕಾರಣ ತೆಗೆದುಹಾಕಬೇಕಾದ ಲಾಭ 12,000 ಅಲ್ಲ, 10,000. ಏಕೆಂದರೆ ಆ 60,000 ಎಂಬುದು ವೆಚ್ಚದ ಶೇ 120. ಮಾರಿದ್ದು ಅಂಗಸಂಸ್ಥೆಯಾದ್ದರಿಂದ ಅಲ್ಪಸಂಖ್ಯಾತ ಷೇರುದಾರರ (ಅಂಗಸಂಸ್ಥೆಯಲ್ಲಿ ಮಾತೃಸಂಸ್ಥೆಯನ್ನು ಬಿಟ್ಟು ಉಳಿದ ಷೇರುದಾರರ) ಪಾಲಿನಲ್ಲೂ ಅದರ ಭಾಗ ಕಡಿತವಾಗುತ್ತದೆ. ಓದುವಾಗ ಇದು ಸಲೀಸಾಗಿಯೇ ಕಾಣುತ್ತದೆ ಬಿಡಿ.

ಉತ್ತರ 2:
ಮೇಲಿನ ಸಲಹೆಗೆ ನನ್ನ ಸಹಮತವಿದೆ, ಆದರೆ ಆರಂಭದಲ್ಲೇ ಗಡಿಯಾರ ಇಟ್ಟುಕೊಳ್ಳಬೇಡಿ. ವಿಧಾನ ಕೈಗೆ ಹತ್ತಿದ ನಂತರ, ಮೂರು ಗಂಟೆಯ 100 ಅಂಕಗಳ ಪತ್ರಿಕೆಯಾದರೆ ಅಂಕಕ್ಕೆ 1.8 ನಿಮಿಷದಂತೆ, ಅಂದರೆ 20 ಅಂಕದ ಪ್ರಶ್ನೆಗೆ 36 ನಿಮಿಷದಂತೆ ಅಭ್ಯಾಸ ಮಾಡಿ. ತಾಳೆಯಾಗದ ಬ್ಯಾಲೆನ್ಸ್ ಶೀಟಿನ ವ್ಯತ್ಯಾಸವನ್ನು ಹುಡುಕುತ್ತ ಕೂರದೆ ಮುಂದಿನ ಪ್ರಶ್ನೆಗೆ ಹೋಗುವುದೂ ಆ ಅಭ್ಯಾಸದಲ್ಲೇ ಸೇರಿದೆ.